ಪಿಕಪ್ ವಾಹನ: ದುಡಿಮೆಯ ಹೇರು, ಮನೆಮಂದಿಯ ಸವಾರಿ

ಮುಂಭಾಗದಲ್ಲಿ ಚಾಲಕ ಮತ್ತು ಒಬ್ಬಿಬ್ಬರು ಕೂರುವಷ್ಟು ಮುಚ್ಚಿದ ಕ್ಯಾಬಿನ್ನು, ಅದರ ಬೆನ್ನಿಗೆ ತಗಡಿನ ತಗ್ಗು ಗೋಡೆಗಳುಳ್ಳ ತೆರೆದ ಬಾಡಿ, ಹಿಂದಿನ ಡೋರು ಇಳಿಸಿದರೆ ಚೀಲಗಳನ್ನು ನೇರವಾಗಿ ಎಳೆದುಕೊಳ್ಳಬಹುದಾದ ಸಮತಟ್ಟಾದ ತಳ, ಇಷ್ಟು ಲಕ್ಷಣಗಳಿರುವ ಹಗುರ ಸರಕು ವಾಹನವನ್ನು ಪಿಕಪ್ ಎಂದು ಕರೆಯುವುದು ಈಗ ಹಳ್ಳಿಹಳ್ಳಿಗಳಲ್ಲೂ ರೂಢಿಯಾಗಿದೆ. ಇಂಥ ವಾಹನವನ್ನು ಕೊಂಡವರು ಅದನ್ನು ಸರಕು ಹೇರುವುದಕ್ಕಷ್ಟೇ ಬಳಸಬೇಕೇ, ಅಥವಾ ನಿತ್ಯದ ಓಡಾಟಕ್ಕೂ, ಮದುವೆ ಮುಂಜಿಗಳಿಗೂ, ಜಾತ್ರೆ ಉತ್ಸವಗಳಿಗೂ ಅದನ್ನೇ ನೆಚ್ಚಿಕೊಳ್ಳಬಹುದೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮನೆಯ ಯಜಮಾನನ ಇಷ್ಟಾನಿಷ್ಟಕ್ಕೆ ಸೇರಿದ್ದೆಂದು ತೋರಿದರೂ, ಅದರೊಳಗೆ ಯಂತ್ರಶಾಸ್ತ್ರ, ಮೋಟಾರು ಕಾನೂನು, ಕುಟುಂಬದ ಜಮಾಖರ್ಚು ಹಾಗೂ ಒಂದು ಪ್ರದೇಶದ ಬದುಕಿನ ರೀತಿ ಒಟ್ಟಿಗೆ ಹೆಣೆದುಕೊಂಡಿವೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಅಂದರೆ ಆದೋನಿ ಮತ್ತು ಅದರ ಸುತ್ತಲಿನ ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ, ಪೆದ್ದಕಡಬೂರು, ಎಮ್ಮಿಗನೂರು, ಮಂತ್ರಾಲಯ ಮಂಡಲಗಳಲ್ಲಿ, ಈ ಪ್ರಶ್ನೆಯನ್ನು ಇಟ್ಟು ನೋಡಿದರೆ ಅದರ ಎಲ್ಲ ಮುಖಗಳೂ ಸ್ಪಷ್ಟವಾಗುತ್ತವೆ.

ಈ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಹೊಸ ರಾಜ್ಯದ ಪಾಲಾದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಗಡಿರೇಖೆ ಬದಲಾದರೂ ನೆಂಟಸ್ತಿಕೆ, ವ್ಯಾಪಾರ, ದೇವರು, ದವಾಖಾನೆ ಇವುಗಳ ದಾರಿ ಬದಲಾಗಲಿಲ್ಲವಾದ್ದರಿಂದ ಕನ್ನಡ ಮಾತಾಡುವ ಮನೆಗಳು ಇಂದಿಗೂ ಈ ಮಂಡಲಗಳಲ್ಲಿ ಹರಡಿಕೊಂಡಿವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ನಡೆಯುತ್ತಿವೆ. ಬಳ್ಳಾರಿಯ ಬಳಿಯ ಹಗರಿಯಿಂದ ಹೊರಟು ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯಗಳನ್ನು ಹಾದು ರಾಯಚೂರಿನತ್ತ ಸಾಗುವ 167ನೆಯ ರಾಷ್ಟ್ರೀಯ ಹೆದ್ದಾರಿಯು ಎರಡು ರಾಜ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಆದೋನಿಯ ಹತ್ತಿ, ಪತ್ತಿಕೊಂಡ ಕಡೆಯ ಟೊಮೆಟೊ, ಕಾಲುವೆ ನೀರಿನ ಆಸರೆಯಲ್ಲಿ ಬೆಳೆದ ಮೆಣಸಿನಕಾಯಿ, ಮಳೆ ನಂಬಿದ ಹೊಲಗಳ ಶೇಂಗಾ ಮತ್ತು ಈರುಳ್ಳಿ ಇವೆಲ್ಲವೂ ಊರೊಳಗಿನ ಕಿರುದಾರಿಗಳಿಂದ ಈ ಹೆದ್ದಾರಿಗೆ ಬಂದು ಸೇರುವುದು ಬಹುಮಟ್ಟಿಗೆ ಪಿಕಪ್ಪುಗಳ ಮೂಲಕವೇ.

ಒಂದೇ ವಾಹನದಿಂದ ಹೇರು ಮತ್ತು ಸವಾರಿ ಎರಡನ್ನೂ ನಡೆಸುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಸುಗ್ಗಿಯ ದಿನಗಳಂದು ಕಾಳು, ಹತ್ತಿ, ಮೇವು ಹೊತ್ತ ಬಂಡಿಗೇ ಜಾತ್ರೆಯ ದಿನ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ಬಿದಿರಿನ ಕಮಾನು ಕಟ್ಟಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುತ್ತಿದ್ದರು. ಸ್ಥಿತಿವಂತರು ಮಾತ್ರ ಸವಾರಿಗೆಂದೇ ಬೇರೆ ಬಂಡಿ ಇಟ್ಟುಕೊಳ್ಳುತ್ತಿದ್ದರು. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದಿತು, ಟ್ರ್ಯಾಕ್ಟರಿನ ಟ್ರೈಲರಿನ ಜೊತೆಗೆ ಪಿಕಪ್ಪೂ ಬಂದಿತು, ಆದರೆ ಸಾಧನ ಬದಲಾದಷ್ಟು ಬೇಗ ಅದನ್ನು ಬಳಸುವ ಮನೋಧರ್ಮ ಬದಲಾಗಲಿಲ್ಲ. ಎತ್ತಿನ ನಡಿಗೆಯ ವೇಗದಲ್ಲಿ ನಿರಪಾಯವಾಗಿದ್ದ ಪದ್ಧತಿಯೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪ್ರಾಣಾಂತಿಕವಾಗಬಲ್ಲದು ಎಂಬ ಸಂಗತಿಯೇ ಈ ವಿಷಯದ ತಿರುಳು.

ಹೊರಗಿನ ಜಗತ್ತಿನಲ್ಲಿಯೂ ಪಿಕಪ್ ಹುಟ್ಟಿದ್ದು ಈ ಎರಡು ಅಗತ್ಯಗಳ ನಡುವೆಯೇ. ಅಮೆರಿಕದ ಫೋರ್ಡ್ ಕಂಪನಿಯು 1925ರಲ್ಲಿ ತನ್ನ ಪ್ರಸಿದ್ಧ ಟಿ ಮಾದರಿಯ ಕಾರಿಗೆ ಹಿಂದೆ ಸರಕಿನ ಪೆಟ್ಟಿಗೆ ಜೋಡಿಸಿ ಕಾರ್ಖಾನೆಯಿಂದಲೇ ಮಾರತೊಡಗಿತು. ಅದಕ್ಕೆ ಮೊದಲು ಕಾರಿನ ಹಿಂಭಾಗವನ್ನು ಕತ್ತರಿಸಿ ತಾವೇ ಪೆಟ್ಟಿಗೆ ಕೂರಿಸಿಕೊಳ್ಳುವ ರೈತರು ಮತ್ತು ಸಣ್ಣ ವರ್ತಕರು ಅಲ್ಲಿದ್ದರು. ಆಸ್ಟ್ರೇಲಿಯದಲ್ಲಿ ರೈತನ ಮಡದಿಯೊಬ್ಬಳು ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವಂಥ ಗಾಡಿ ಬೇಕೆಂದು ಅದೇ ಕಂಪನಿಗೆ ಕಾಗದ ಬರೆದಳೆಂದೂ, ಲೂ ಬ್ಯಾಂಟ್ ಎಂಬ ಯುವ ವಿನ್ಯಾಸಗಾರ ಅದಕ್ಕೆ ತಕ್ಕ ವಾಹನವನ್ನು ರೂಪಿಸಿದನೆಂದೂ ಅಲ್ಲಿನ ಮೋಟಾರು ಚರಿತ್ರೆ ಹೇಳುತ್ತದೆ. ಆ ವಾಹನ ಮಾರಾಟಕ್ಕೆ ಬಂದದ್ದು 1934ರಲ್ಲಿ. ಮುಂದೆ ಅಮೆರಿಕದಲ್ಲಿ ಪಿಕಪ್ ಹೊಲ ಮತ್ತು ಕಟ್ಟಡದ ಕೆಲಸವನ್ನು ದಾಟಿ ಕಚೇರಿಗೆ ಹೋಗುವವರ, ಪೇಟೆಯ ಕುಟುಂಬಗಳ ನಿತ್ಯದ ವಾಹನವಾಯಿತು, ಅದರ ಒಳಾಂಗಣ ಕಾರಿನಷ್ಟೇ ಮೆತ್ತಗಾಯಿತು, ಅನೇಕರ ಪಿಕಪ್ಪಿನ ಬಾಡಿ ವರ್ಷದ ಬಹುಪಾಲು ದಿನ ಖಾಲಿಯಾಗಿಯೇ ತಿರುಗತೊಡಗಿತು.

ಭಾರತದಲ್ಲಿ ಆದದ್ದು ಇದಕ್ಕೆ ವಿರುದ್ಧ. ಇಲ್ಲಿ ಪಿಕಪ್ ಮೊದಲಿನಿಂದಲೂ ಹೊಟ್ಟೆಪಾಡಿನ ವಾಹನವಾಗಿಯೇ ಬೆಳೆಯಿತು. 1988ರಲ್ಲಿ ಟಾಟಾ ಮೊಬೈಲ್ ಬಂದಿತು. 2005ರಲ್ಲಿ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್ನಿನ ಟಾಟಾ ಏಸ್ ಬಂದು ಛೋಟಾ ಹಾಥಿ ಎಂಬ ಅಡ್ಡಹೆಸರಿನಿಂದ ಮನೆಮಾತಾಯಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂದಿತು. ಇವೆಲ್ಲವುಗಳ ನಡುವೆ ಮಹೀಂದ್ರಾ ಕಂಪನಿಯ ಬೊಲೆರೊ ಪಿಕಪ್ ಕಚ್ಚಾ ರಸ್ತೆಗಳ ಹಳ್ಳಿಗಾಡಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. ಸ್ವಂತ ಸವಾರಿಗೆಂದೇ ಪಿಕಪ್ ಕೊಳ್ಳುವ ಅಭಿರುಚಿ ಬಂದದ್ದು ತೀರ ಈಚೆಗೆ. ಆಂಧ್ರಪ್ರದೇಶದಲ್ಲಿಯೇ ಇರುವ ಶ್ರೀಸಿಟಿಯ ಕಾರ್ಖಾನೆಯಿಂದ ಇಸುಜು ಕಂಪನಿಯು 2016ರಲ್ಲಿ ವಿ-ಕ್ರಾಸ್ ಎಂಬ ಮಾದರಿಯನ್ನು ಹೊರತಂದಿತು, 2022ರಲ್ಲಿ ಟೊಯೋಟಾದ ಹೈಲಕ್ಸ್ ಬಂದಿತು. ಆದರೆ ಇವು ಬೆಂಗಳೂರು, ಹೈದರಾಬಾದಿನಂಥ ನಗರಗಳ ಹಣವಂತರ, ಕಾಫಿ ತೋಟದವರ, ದೂರಪ್ರಯಾಣದ ಹವ್ಯಾಸಿಗಳ ಆಯ್ಕೆಯೇ ಹೊರತು ಕೋಸಿಗಿ ಅಥವಾ ಹೊಳಗುಂದದ ರೈತನ ಆಯ್ಕೆಯಲ್ಲ. ಪಶ್ಚಿಮ ಕರ್ನೂಲಿನಲ್ಲಿ ಕೇಳಬೇಕಾದ ಪ್ರಶ್ನೆಯೆಂದರೆ, ದುಡಿಮೆಗೆಂದು ಕೊಂಡ ಗಾಡಿಯನ್ನು ಸವಾರಿಗೆ ಎಷ್ಟರ ಮಟ್ಟಿಗೆ ಎಳೆಯಬಹುದು ಎಂಬುದೇ.

ದುಡಿಮೆಯ ಬಳಕೆಯನ್ನು ಮೊದಲು ನೋಡುವುದಾದರೆ, ಸರಕಿನ ಸ್ವಭಾವವೇ ಗಾಡಿಯ ಬಳಕೆಯನ್ನು ನಿರ್ಧರಿಸುತ್ತದೆ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದಾದ ಆದೋನಿಗೆ ಅಕ್ಟೋಬರಿನಿಂದ ಆಚೆಗೆ ಹತ್ತಿ ಬರತೊಡಗಿದಾಗ ಪಿಕಪ್ಪಿನ ಬಾಡಿಯ ನಾಲ್ಕೂ ಮೂಲೆಗೆ ಗಳ ನೆಟ್ಟು, ಸುತ್ತ ಗೋಣಿತಟ್ಟು ಕಟ್ಟಿ ಗೋಡೆಯನ್ನು ಎತ್ತರಿಸುತ್ತಾರೆ. ಒಬ್ಬಿಬ್ಬರು ಒಳಗಿಳಿದು ಕಾಲಿನಿಂದ ತುಳಿತುಳಿದು ಹತ್ತಿಯನ್ನು ಒತ್ತುತ್ತಾರೆ. ತುಂಬಿದ ಮೇಲೆ ಹೊರೆ ಗಾಡಿಯ ಎರಡೂ ಮಗ್ಗುಲಿಗೆ ಉಬ್ಬಿ ನಿಲ್ಲುತ್ತದೆ, ಹಗ್ಗವನ್ನು ಅಡ್ಡಡ್ಡ ಹಾಯಿಸಿ ಬಿಗಿದು ಮೇಲೆ ತಾಡಪಾಲು ಎಳೆಯುತ್ತಾರೆ. ಹತ್ತಿ ಹಗುರ, ಆದರೆ ಜಾಗ ನುಂಗುವ ಸರಕು. ತೂಕದ ಮಿತಿ ಮುಟ್ಟುವ ಮೊದಲೇ ಗಾತ್ರದ ಮಿತಿ ಮುಟ್ಟಿರುತ್ತದೆ. ಅದರ ಅಪಾಯವಿರುವುದು ಭಾರದಲ್ಲಿ ಅಲ್ಲ, ಎತ್ತರದಲ್ಲಿ: ಹೊರೆಯ ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ಒಂದೆಡೆ ನೆಲೆಸಿದೆಯೆಂದು ಎಣಿಸಬಹುದಾದ ಬಿಂದು, ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ, ಕನ್ನಡಿಯಲ್ಲಿ ಹಿಂದಿನ ದಾರಿಯೂ ಕಾಣದಂತಾಗುತ್ತದೆ.

ತಾಡಪಾಲಿನ ವಿಷಯವೂ ಸಣ್ಣದಲ್ಲ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ಹತ್ತಿಯಲ್ಲಿನ ತೇವಾಂಶ ಶೇಕಡ 8ರ ಒಳಗಿದ್ದರೆ ಪೂರ್ಣ ಬೆಲೆ ಕೊಡುತ್ತದೆ, 8ರಿಂದ 12ರವರೆಗೆ ಬೆಲೆಯಲ್ಲಿ ಕಡಿತ ಮಾಡುತ್ತದೆ, 12 ದಾಟಿದರೆ ಕೊಳ್ಳುವುದೇ ಇಲ್ಲ. 2024-25ರ ಹಂಗಾಮಿಗೆ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ ಇತ್ತು. ಹೊಲದಿಂದ ಮಾರುಕಟ್ಟೆಯ ಯಾರ್ಡಿಗೆ ಬರುವ ಒಂದೆರಡು ಗಂಟೆಯಲ್ಲಿ ಅಕಾಲದ ಮಳೆಗೆ ಸಿಕ್ಕ ತೆರೆದ ಬಾಡಿಯ ಹತ್ತಿ, ಬಿಡಿಸಲು ಕೊಟ್ಟ ಕೂಲಿಯನ್ನೂ ಮುಳುಗಿಸಬಲ್ಲದು. ಟೊಮೆಟೊ ಇನ್ನೊಂದು ಬಗೆಯ ಸರಕು. ಕ್ರೇಟುಗಳಲ್ಲಿ ತುಂಬಿ ಬೆಳಗಿನ ಹರಾಜಿಗೆ ಮುಟ್ಟಿಸಬೇಕಾದ್ದರಿಂದ ಅಲ್ಲಿ ಹೊತ್ತೇ ಬೆಲೆ, ಮತ್ತು ದರ ನೆಲ ಕಚ್ಚಿದ ದಿನ ಗಾಡಿ ಬಾಡಿಗೆಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದು ಬರುವ ರೈತರನ್ನು ಈ ಸೀಮೆ ಮತ್ತೆ ಮತ್ತೆ ಕಂಡಿದೆ. ಮೆಣಸಿನಕಾಯಿಯ ದಾರಿ ಇನ್ನೂ ದೂರದ್ದು; ಒಳ್ಳೆಯ ಬಣ್ಣದ ಕಾಯಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಹೆಚ್ಚು ದರ ಸಿಗುವ ಕಾರಣ ಗಡಿ ದಾಟಿ ಅಲ್ಲಿಗೇ ಒಯ್ಯುವವರು ಅನೇಕರು.

ಭಾರದ ಸರಕುಗಳ ಲೆಕ್ಕ ಬೇರೆ. ವಾಹನದ ನೋಂದಣಿ ಪತ್ರದಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ: ಸರಕಿಲ್ಲದ ಗಾಡಿಯ ತೂಕ ಒಂದು, ಸರಕು ಹಾಗೂ ಜನ ಎಲ್ಲ ಸೇರಿ ಗಾಡಿ ತೂಗಬಹುದಾದ ಗರಿಷ್ಠ ಒಟ್ಟು ತೂಕ ಮತ್ತೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಹೊರುವ ಸಾಮರ್ಥ್ಯ. 1.7 ಟನ್ ಹೊರಬಲ್ಲ ಪಿಕಪ್ಪಿಗೆ 50 ಕಿಲೋ ತೂಕದ ಸಿಮೆಂಟ್ ಚೀಲಗಳು 34 ಮಾತ್ರ ಸಲ್ಲುತ್ತವೆ. ಅಷ್ಟು ಚೀಲಗಳನ್ನು ಬಾಡಿಯಲ್ಲಿ ಒಟ್ಟಿದಾಗ ತಳದಿಂದ ಎರಡು ಮೂರು ಸಾಲಿನ ಎತ್ತರವಷ್ಟೇ ಆಗುವುದರಿಂದ ಇನ್ನೂ ಅರ್ಧ ಗಾಡಿ ಖಾಲಿಯಿದೆಯೆಂದು ಕಣ್ಣು ಮೋಸ ಹೋಗುತ್ತದೆ. ಬೇತಂಚೆರ್ಲದ ಹಾಸುಗಲ್ಲು, ಇಟ್ಟಿಗೆ, ಮರಳು, ರಸಗೊಬ್ಬರ ಇವುಗಳಲ್ಲಿಯೂ ಇದೇ ಮೋಸ ನಡೆಯುತ್ತದೆ.

ಈ ಮೋಸವನ್ನು ಯಂತ್ರದ ಮೇಲೆ ಹೊರಿಸುವ ಒಂದು ಉಪಾಯವೂ ಚಾಲ್ತಿಯಲ್ಲಿದೆ. ಪಿಕಪ್ಪಿನ ಹಿಂಗಾಲಿಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದ ಸ್ಪ್ರಿಂಗಿನ ಕಟ್ಟು ಇರುತ್ತದೆ. ಭಾರ ಬಿದ್ದಾಗ ಪಟ್ಟಿಗಳು ಒಟ್ಟಾಗಿ ನೇರವಾಗುತ್ತ ಹೊಡೆತವನ್ನು ನುಂಗಿಕೊಳ್ಳುತ್ತವೆ. ಹೆಚ್ಚು ಹೇರಬೇಕೆಂಬವರು ಗ್ಯಾರೇಜಿನಲ್ಲಿ ಈ ಕಟ್ಟಿಗೆ ಇನ್ನೊಂದೆರಡು ಪಟ್ಟಿ ಸೇರಿಸುತ್ತಾರೆ. ಅದರಿಂದ ಗಾಡಿಯ ಹಿಂಭಾಗ ಕುಸಿಯುವುದು ತಪ್ಪುತ್ತದೆಯೇ ಹೊರತು ಅಚ್ಚು, ಟೈರು, ಚೌಕಟ್ಟು, ಬ್ರೇಕು ಇವು ಯಾವುವೂ ಬಲಗೊಳ್ಳುವುದಿಲ್ಲ. ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆಯ ಗುರುತೊಂದು ಅಳಿಸಿಹೋಗುತ್ತದೆ, ಅಷ್ಟೆ. ಹಿಂದೆ ಭಾರ ಮಿತಿಮೀರಿದಾಗ ಮುಂಭಾಗ ಮೇಲೇಳುವುದರಿಂದ ಸ್ಟೀರಿಂಗಿನ ಹಿಡಿತ ಸಡಿಲವಾಗುತ್ತದೆ, ರಾತ್ರಿಯ ಹೊತ್ತು ದೀಪದ ಬೆಳಕು ರಸ್ತೆಯ ಮೇಲೆ ಬೀಳದೆ ಎದುರಿನಿಂದ ಬರುವವರ ಕಣ್ಣಿಗೆ ಬೀಳುತ್ತದೆ. ವೇಗ ಇಮ್ಮಡಿಯಾದರೆ ಚಲನೆಯ ಶಕ್ತಿ ನಾಲ್ಮಡಿಯಾಗುತ್ತದೆಂಬ ಭೌತಶಾಸ್ತ್ರದ ನಿಯಮಕ್ಕೆ ತೂಕದ ಹೆಚ್ಚಳವೂ ಸೇರಿದಾಗ, ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಚಾಲಕನ ಅಂದಾಜನ್ನು ಮೀರಿ ಹಿಗ್ಗುತ್ತದೆ.

ಇದೇ ಸ್ಪ್ರಿಂಗಿನ ಕಟ್ಟು ಖಾಲಿ ಗಾಡಿಯಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ, ಮತ್ತು ನಿತ್ಯದ ಸವಾರಿಯ ಪ್ರಶ್ನೆ ಮೊದಲಾಗುವುದು ಇಲ್ಲಿಂದಲೇ. ಒಂದೂವರೆ ಟನ್ ಹೊರಲೆಂದು ಬಿಗಿದ ಪಟ್ಟಿಗಳು ಇಬ್ಬರು ಮನುಷ್ಯರ ತೂಕಕ್ಕೆ ಮಣಿಯುವುದೇ ಇಲ್ಲವಾದ್ದರಿಂದ ಪ್ರತಿ ಗುಂಡಿಯ ಹೊಡೆತವೂ ನೇರವಾಗಿ ಬೆನ್ನೆಲುಬಿಗೆ ಮುಟ್ಟುತ್ತದೆ. ಎಂಜಿನ್ನು ಮುಂದಿದ್ದು ಹಿಂಭಾಗ ಹಗುರವಾಗಿರುವುದರಿಂದ ಒದ್ದೆ ರಸ್ತೆಯಲ್ಲಿ ಥಟ್ಟನೆ ಬ್ರೇಕು ಹಾಕಿದರೆ ಹಿಂದಿನ ಚಕ್ರಗಳು ಜಾರಿ ಗಾಡಿ ಅಡ್ಡ ತಿರುಗುವ ಸಂಭವ ಹೆಚ್ಚು. ಈ ಸೀಮೆಯ ಎರೆ ನೆಲ, ಅಂದರೆ ಮಳೆ ಬಿದ್ದಾಗ ಉಬ್ಬಿ ಅಂಟಾಗಿ ಬೇಸಿಗೆಯಲ್ಲಿ ಬಿರುಕು ಬಿಡುವ ಕಪ್ಪು ಮಣ್ಣು, ಇನ್ನೊಂದು ತೊಡಕನ್ನು ಸೇರಿಸುತ್ತದೆ: ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವ ಗಾಡಿಗಳಲ್ಲಿ ಆ ಚಕ್ರಗಳ ಮೇಲೆ ಭಾರವಿಲ್ಲದಿದ್ದರೆ ಅವು ಮಣ್ಣನ್ನು ಕಚ್ಚದೆ ನಿಂತಲ್ಲೇ ಸುತ್ತುತ್ತವೆ. ಹೀಗಾಗಿ ಮಿತಿಯೊಳಗೆ ಸರಕು ಹೊತ್ತ ಪಿಕಪ್ಪು ಖಾಲಿ ಪಿಕಪ್ಪಿಗಿಂತ ನೆಟ್ಟಗೆ ನಡೆಯುತ್ತದೆ. ಅದು ಹುಟ್ಟಿದ್ದೇ ಹೊರುವುದಕ್ಕೆ.

ಯಂತ್ರದ ಈ ಭೇದವನ್ನು ಕಾನೂನು ತನ್ನದೇ ರೀತಿಯಲ್ಲಿ ಗುರುತಿಸಿದೆ. ಸರಕು ಸಾಗಣೆಯ ಗಾಡಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ, ಸ್ವಂತ ಬಳಕೆಯ ಕಾರಿಗೆ ಬಿಳಿ ಫಲಕದ ಮೇಲೆ ಕಪ್ಪು ಅಕ್ಷರ. ಜನರ ಬಾಯಲ್ಲಿ ಇವು ಹಳದಿ ಬೋರ್ಡು, ಬಿಳಿ ಬೋರ್ಡು. ಬಿಳಿ ಬೋರ್ಡಿನ ಕಾರಿನ ನೋಂದಣಿ ಒಮ್ಮೆಗೇ 15 ವರ್ಷ ನಡೆಯುತ್ತದೆ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆಯೂ ಆಮೇಲೆ ವರ್ಷ ವರ್ಷವೂ ಎಫ್.ಸಿ., ಅಂದರೆ ಗಾಡಿ ರಸ್ತೆಗೆ ಯೋಗ್ಯವಾಗಿದೆಯೆಂಬ ಪ್ರಮಾಣಪತ್ರ ಬೇಕು. 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮು ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟಿನಿಂದ ವಿನಾಯಿತಿ ನೀಡಿದೆ, 1.7 ಟನ್ ಹೊರುವ ಗಾಡಿಯ ಒಟ್ಟು ತೂಕ ಈ ಮಿತಿಯನ್ನು ದಾಟುವುದರಿಂದ ಅದಕ್ಕೆ ಪರ್ಮಿಟ್ ಬೇಕು, ಬ್ಯಾಡಗಿಗೋ ರಾಯಚೂರಿಗೋ ಹೋಗುವುದಾದರೆ ಗಡಿಯಾಚೆಗೂ ಸಲ್ಲುವ ಪರ್ಮಿಟ್ಟೇ ಬೇಕು. 2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಸೇರಿಕೆ. ಹೊರೆಯು ಬಾಡಿಯ ಮಗ್ಗುಲಿನಿಂದ ಆಚೆಗೆ ಚಾಚಿಕೊಂಡರೂ ಕಾಯಿದೆ 20,000 ರೂಪಾಯಿ ದಂಡವನ್ನು ವಿಧಿಸಿದೆ. ಹತ್ತಿ ಹೇರುವವರು ಈ ಎರಡನೆಯ ನಿಯಮವನ್ನು ವಿಶೇಷವಾಗಿ ನೆನಪಿಡಬೇಕು.

ಚಾಲಕನ ಲೈಸೆನ್ಸಿನ ವಿಷಯದಲ್ಲಿ ಇದ್ದ ಗೊಂದಲ ಈಗ ತಿಳಿಯಾಗಿದೆ. ಹಗುರ ಮೋಟಾರು ವಾಹನದ ಲೈಸೆನ್ಸು ಹೊಂದಿದವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನೂ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದ್ದನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿಯಿತು. ಆದ್ದರಿಂದ ಪಿಕಪ್ಪಿನ ಮಾಲೀಕ ತನ್ನ ಕಾರಿನ ಲೈಸೆನ್ಸಿನಿಂದಲೇ ಅದನ್ನು ನಡೆಸಿಕೊಂಡು ಪೇಟೆಗೆ ಹೋಗುವುದರಲ್ಲಿ, ಕ್ಯಾಬಿನ್ನಿನ ಆಸನದಲ್ಲಿ ಮಡದಿಯನ್ನೋ ತಂದೆಯನ್ನೋ ಕೂರಿಸಿಕೊಳ್ಳುವುದರಲ್ಲಿ ತೊಂದರೆಯಿಲ್ಲ. ತೊಂದರೆ ಎದುರಾಗುವುದು ಆಸನ ಮುಗಿದು ಬಾಡಿ ಆರಂಭವಾಗುವ ಕಡೆ.

ಶ್ರಾವಣ ಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ, ಗುರುವಾರಗಳಂದು ಮತ್ತು ಆರಾಧನೆಯ ದಿನಗಳಲ್ಲಿ ಮಂತ್ರಾಲಯದ ರಾಯರಿಗೆ, ದಸರೆಯ ರಾತ್ರಿ ದೇವರಗಟ್ಟಿಗೆ ಹೋಗುವ ದಾರಿಗಳಲ್ಲಿ ಬಾಡಿಯ ತುಂಬ ಜನರನ್ನು ನಿಲ್ಲಿಸಿಕೊಂಡ ಪಿಕಪ್ಪುಗಳು ಸಾಮಾನ್ಯ ನೋಟ. ಅದಕ್ಕಿಂತ ಗಂಭೀರವಾದದ್ದು ಕೂಲಿಯವರ ವಲಸೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ, ಮಂತ್ರಾಲಯ ಮಂಡಲಗಳ ಊರುಗಳಿಂದ ಕುಟುಂಬಗಳು ಗುಂಟೂರು ಸೀಮೆಯ ಮೆಣಸಿನಕಾಯಿ ಬಿಡಿಸಲು, ತೆಲಂಗಾಣದ ಹತ್ತಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಗುಂಪುಗುಂಪಾಗಿ ಹೊರಡುತ್ತವೆ. ಇದನ್ನು ಇಲ್ಲಿನವರು ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ಅಕ್ಕಿ ಜೋಳದ ಚೀಲ, ಪಾತ್ರೆ ಪಗಡಿ, ಹಾಸಿಗೆ, ಶಾಲೆ ಬಿಟ್ಟ ಮಕ್ಕಳು, ಮುದುಕರು ಎಲ್ಲರೂ ಒಂದೇ ಬಾಡಿಯಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡುತ್ತಾರೆ. ಬಸ್ಸಿನಲ್ಲಿ ಸಾಮಾನು ಹಿಡಿಸುವುದಿಲ್ಲ, ಬಸ್ಸು ಹೊಲದ ತನಕ ಬರುವುದಿಲ್ಲ, ಮೇಸ್ತ್ರಿ ಗೊತ್ತುಮಾಡಿದ ಗಾಡಿಯ ಬಾಡಿಗೆ ಹಂಚಿಕೊಂಡರೆ ಅಗ್ಗವಾಗುತ್ತದೆ; ಈ ಮೂರು ಕಾರಣಗಳನ್ನು ಲೆಕ್ಕಕ್ಕೆ ಹಿಡಿಯದೆ ಅವರನ್ನು ಬುದ್ಧಿಗೇಡಿಗಳೆನ್ನುವುದು ನ್ಯಾಯವಲ್ಲ.

ಆದರೆ ಅಪಘಾತದ ಮರುದಿನ ಕಾನೂನು ಕಾರಣಗಳನ್ನು ಕೇಳುವುದಿಲ್ಲ. ಮೋಟಾರು ವಾಹನ ಕಾಯಿದೆಯ 147ನೆಯ ಕಲಮಿಗೆ 1994ರಲ್ಲಿ ಬಂದ ತಿದ್ದುಪಡಿಯು ಸರಕು ವಾಹನದಲ್ಲಿ ಪ್ರಯಾಣಿಸುವ ಸರಕಿನ ಒಡೆಯನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆಯ ರಕ್ಷಣೆ ನೀಡಿತು. ಮದುವೆಗೆ, ಜಾತ್ರೆಗೆ, ಪುಕ್ಕಟೆಯಾಗಿ ಅಥವಾ ತಲೆಗಿಷ್ಟೆಂದು ಹಣ ಕೊಟ್ಟು ಬಾಡಿಯಲ್ಲಿ ಕೂತವರು ಈ ರಕ್ಷಣೆಯೊಳಗೆ ಬರುವುದಿಲ್ಲ. 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥದೇ ಪ್ರಕರಣವೊಂದರಲ್ಲಿ, ಸರಕು ವಾಹನದ ಪುಕ್ಕಟೆ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ, ಮಾಲೀಕನದು ಎಂದು ತೀರ್ಮಾನಿಸಿ, ಸಂತ್ರಸ್ತರಿಗೆ ಕಂಪನಿ ಮೊದಲು ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ತನ್ನ ಕೇರಿಯ ಜನರಿಗೆ ಉಪಕಾರವಾಗಲೆಂದು ಗಾಡಿ ಕೊಟ್ಟವನ ಹೊಲಮನೆಯೇ ಆ ವಸೂಲಿಗೆ ಈಡಾಗಬಹುದು ಎಂಬುದು ಇದರ ಅರ್ಥ. ಹತ್ತಿಯ ಜೊತೆ ಯಾರ್ಡಿಗೆ ಬರುವ ರೈತನಿಗೆ ರಕ್ಷಣೆಯಿದೆ. ಅದೇ ಗಾಡಿಯಲ್ಲಿ ಖಾಲಿ ಚೀಲಗಳ ಮೇಲೆ ಕೂತು ಊರಿಗೆ ಮರಳುವ ನೆರೆಯವನಿಗೆ ಇಲ್ಲ.

ಹಣದ ಲೆಕ್ಕವೂ ಇದೇ ದಾರಿಯಲ್ಲಿ ನಡೆಯುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 1,500 ಸಿ.ಸಿ. ಮೀರಿದ ಎಂಜಿನ್ನಿನ ಸ್ವಂತ ಕಾರಿಗೆ ವರ್ಷಕ್ಕೆ ಥರ್ಡ್ ಪಾರ್ಟಿ ವಿಮೆಯ, ಅಂದರೆ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ಹೊಣೆ ಹೊರುವ ವಿಮೆಯ ಮೂಲ ಕಂತು 7,897 ರೂಪಾಯಿ. 7,500 ಕಿಲೋ ಒಳಗಿನ ಸರಕು ವಾಹನ ತನ್ನದೇ ಸರಕು ಸಾಗಿಸುವುದಾದರೆ 8,510 ರೂಪಾಯಿ, ಬಾಡಿಗೆಗೆ ಬೇರೆಯವರ ಸರಕು ಸಾಗಿಸುವುದಾದರೆ 16,049 ರೂಪಾಯಿ. ಮೂರನೆಯದು ಎರಡನೆಯದರ ಹೆಚ್ಚುಕಡಿಮೆ ಇಮ್ಮಡಿಯಾಗಿರುವುದನ್ನು ಗಮನಿಸಿದರೆ, ಕಾನೂನಿನ ಕಣ್ಣಿನಲ್ಲಿ ಗಾಡಿಯ ಆಕಾರಕ್ಕಿಂತ ಅದರ ಬಳಕೆ ಮುಖ್ಯ ಎಂಬುದು ತಿಳಿಯುತ್ತದೆ. ಆದಾಯ ತೆರಿಗೆಯಲ್ಲಿಯೂ ಹೀಗೆಯೇ: 1961ರ ಕಾಯಿದೆಯ 44ಎಇ ಕಲಮು ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದ ಸಾಗಣೆದಾರನಿಗೆ ಪುಸ್ತಕ ಇಡುವ ತೊಡಕಿಲ್ಲದೆ ಇಂಥ ಹಗುರ ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ತೋರಿಸುವ ಅವಕಾಶ ಕೊಟ್ಟಿತು. ದುಡಿಯುವ ಗಾಡಿ ತನ್ನ ಎಫ್.ಸಿ., ವಿಮೆ, ಟೈರು, ಬ್ಯಾಂಕಿನ ಕಂತು ಇವನ್ನೆಲ್ಲ ತಾನೇ ದುಡಿದು ತೀರಿಸಬೇಕು. ಸವಾರಿಗೆ ಓಡಿದ ಪ್ರತಿ ಕಿಲೋಮೀಟರೂ ಆ ದುಡಿಮೆಯಿಂದ ಕಳೆದದ್ದೇ. ತದ್ವಿರುದ್ಧವಾಗಿ, ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಸರಕು ಹೇರುವುದು ಪರ್ಮಿಟ್ ಇಲ್ಲದ ಸಾಗಣೆಯಾದರೆ 10,000 ರೂಪಾಯಿ ದಂಡದ ಜೊತೆಗೆ ಆರು ತಿಂಗಳವರೆಗೆ ಸೆರೆವಾಸಕ್ಕೂ ಎಡೆಮಾಡುತ್ತದೆ.

ಒಂದೇ ಕೆಲಸಕ್ಕೆ ಕಟ್ಟಿಹಾಕಿದ ಗಾಡಿಯ ಪಾಡೇನಾಗುತ್ತದೆ ಎಂಬುದಕ್ಕೂ ಆಂಧ್ರದಲ್ಲಿ ನಿದರ್ಶನವಿದೆ. ರೇಷನ್ನನ್ನು ಮನೆಬಾಗಿಲಿಗೆ ಮುಟ್ಟಿಸಲು ರಾಜ್ಯ ಸರ್ಕಾರವು 2021ರ ಜನವರಿಯಲ್ಲಿ 9,260 ಸಣ್ಣ ಸರಕು ವಾಹನಗಳ ಯೋಜನೆಯನ್ನು ಆರಂಭಿಸಿ, ನಿರುದ್ಯೋಗಿ ಯುವಕರಿಗೆ ಸಹಾಯಧನದ ಮೇಲೆ ಅವನ್ನು ವಹಿಸಿಕೊಟ್ಟಿತು. 2025ರ ಜೂನ್ 1ರಿಂದ ಆ ವ್ಯವಸ್ಥೆಯನ್ನು ರದ್ದುಮಾಡಿ ವಿತರಣೆಯನ್ನು ಮತ್ತೆ ನ್ಯಾಯಬೆಲೆ ಅಂಗಡಿಗಳಿಗೆ ಒಪ್ಪಿಸಲಾಯಿತು. ಗಾಡಿ ಕೈಯಲ್ಲಿದ್ದರೂ ಅದಕ್ಕೆ ನಿಶ್ಚಿತವಾದ ಹೇರು ಇಲ್ಲದೆಹೋದಾಗ ಮಾಲೀಕ ಹೊಸ ಬಾಡಿಗೆಗಳನ್ನು ಹುಡುಕಲೇಬೇಕಾಗುತ್ತದೆ. ಪಿಕಪ್ ಕೊಳ್ಳುವ ಮುನ್ನ ವರ್ಷದಲ್ಲಿ ಎಷ್ಟು ದಿನ ಹೇರು ಸಿಕ್ಕೀತು ಎಂದು ಲೆಕ್ಕ ಹಾಕಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಹಾಗಾದರೆ ಹೇರೂ ಸವಾರಿಯೂ ನಿಜವಾಗಿಯೇ ಬೇಕಾದವರಿಗೆ ದಾರಿಯಿಲ್ಲವೇ? ಇದೆ. ಎರಡು ಸಾಲು ಆಸನಗಳೂ ನಾಲ್ಕು ಬಾಗಿಲೂ ಹಿಂದೆ ಚಿಕ್ಕ ಬಾಡಿಯೂ ಇರುವ ಪಿಕಪ್ಪನ್ನು ಡಬಲ್ ಕ್ಯಾಬ್ ಎನ್ನುತ್ತಾರೆ. ಬೊಲೆರೊ ಕ್ಯಾಂಪರ್ ಈ ಜಾತಿಯದು, ಐವರನ್ನು ಕೂರಿಸಿಕೊಂಡು ಸುಮಾರು ಒಂದು ಟನ್ ಹೊರಬಲ್ಲದು. ಬಾಡಿ ಚಿಕ್ಕದಾಗುವುದರಿಂದ ಹತ್ತಿ ಹೇರಲು ಅದು ಒದಗುವುದಿಲ್ಲ, ಆದರೆ ತರಕಾರಿ ಬೆಳೆಯುವವರಿಗೆ, ಪಂಪು ಮೋಟಾರು ದುರಸ್ತಿಯವರಿಗೆ, ಡೇರಿ ನಡೆಸುವವರಿಗೆ, ನಾಲ್ಕಾರು ಕೆಲಸಗಾರರನ್ನೂ ಸಲಕರಣೆಗಳನ್ನೂ ಒಟ್ಟಿಗೆ ಒಯ್ಯಬೇಕಾದ ಗುತ್ತಿಗೆದಾರರಿಗೆ ಸರಿಹೊಂದುತ್ತದೆ. ವರ್ಷದಲ್ಲಿ ಕೆಲವೇ ವಾರ ಹೇರು ಇರುವ ಮಧ್ಯಮ ರೈತನಿಗೆ ಸ್ವಂತ ಪಿಕಪ್ಪಿಗಿಂತ ಸುಗ್ಗಿಯಲ್ಲಿ ಬಾಡಿಗೆಗೆ ಗಾಡಿ ಗೊತ್ತುಮಾಡಿ, ಮನೆಗೆ ಹಳೆಯದಾದರೂ ಒಂದು ಕಾರೋ ಬೈಕೋ ಇಟ್ಟುಕೊಳ್ಳುವುದೇ ಅಗ್ಗ. ಹಂಗಾಮಿನ ಉದ್ದಕ್ಕೂ ತನ್ನ ಹೊಲದ್ದೂ ನೆರೆಹೊರೆಯವರದ್ದೂ ಸರಕು ಸಾಗಿಸುವವನಿಗೆ ಮಾತ್ರ ಹಳದಿ ಬೋರ್ಡಿನ ಪಿಕಪ್ಪು ದುಡಿದು ಕೊಡುತ್ತದೆ. ಅಂಥವನು ಕ್ಯಾಬಿನ್ನಿನಲ್ಲಿ ಕೂತು ಪೇಟೆಗೆ ಹೋಗಿಬರುವುದನ್ನು ಗಾಡಿಯೂ ಸಹಿಸುತ್ತದೆ, ಕಾನೂನೂ ಒಪ್ಪುತ್ತದೆ.

ಈ ವಿಷಯದಲ್ಲಿ ಸರ್ಕಾರದ ಪಾಲಿನ ಕೆಲಸವೂ ಉಳಿದಿದೆ. ಉರುಕುಂದ ಮತ್ತು ಮಂತ್ರಾಲಯದ ವಿಶೇಷ ದಿನಗಳಲ್ಲಿ ಒಳಹಳ್ಳಿಗಳಿಂದ ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳು ಸಾಕಷ್ಟು ಬಸ್ಸು ಓಡಿಸುವುದು, ಸುಗ್ಗಿಗೆ ಹೊರಡುವ ಕೂಲಿಕಾರರಿಗೆ ಸಾಮಾನಿನ ಸಮೇತ ಸುರಕ್ಷಿತ ಪ್ರಯಾಣದ ಏರ್ಪಾಡು ಮಾಡುವುದು, ಹತ್ತಿ ಯಾರ್ಡಿನ ಬಾಗಿಲಲ್ಲೇ ಅಧಿಕ ಭಾರ ಮತ್ತು ಉಬ್ಬಿದ ಹೊರೆಗಳ ಬಗೆಗೆ ತಿಳಿವಳಿಕೆ ನೀಡುವುದು, ಇವು ದಂಡದ ರಸೀದಿಗಿಂತ ಹೆಚ್ಚು ಫಲ ಕೊಡಬಲ್ಲವು. ಮಾಲೀಕರ ಪಾಲಿಗೆ ಉಳಿಯುವ ನಿಯಮ ಚಿಕ್ಕದು: ಬಾಡಿ ಸರಕಿಗೆ, ಆಸನ ಮನುಷ್ಯರಿಗೆ. ಗಾಡಿಯ ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕವನ್ನೂ ಆಸನಗಳ ಸಂಖ್ಯೆಯನ್ನೂ ಪ್ರತಿಯೊಬ್ಬ ಪಿಕಪ್ ಮಾಲೀಕರು ಇಂದೇ ಒಮ್ಮೆ ಓದಿಕೊಂಡು, ನಾಳೆಯ ಹೇರನ್ನೂ ಮುಂದಿನ ಜಾತ್ರೆಯ ಪ್ರಯಾಣವನ್ನೂ ಆ ಎರಡು ಅಂಕಿಗಳಿಗೆ ಒಳಪಡಿಸಿಕೊಳ್ಳಬೇಕು.